ಅಪ್ಪನ ಪಾಲಿಗೆ ಬೀಗ: ಹಿಪ್ಪುನೇರಳೆಯ ಹಿಟ್ಟುತಿಗಣೆ, ಬ್ರೆಜಿಲಿನ ಅಪಾಸಮ್

ತಮಿಳುನಾಡಿನ ಹೊಸೂರು ಬಳಿಯ ಮತ್ತಿಗಿರಿಯಿಂದ ದೇಂಕನಿಕೋಟೆಯ ಕಡೆಗೆ ಹೋಗುವ ರಸ್ತೆಯ ಅಕ್ಕಪಕ್ಕ ಈಗ ಸೈಟಿನ ಕಲ್ಲುಗಳೇ ಹೆಚ್ಚು. ಆದರೂ ಒಳದಾರಿ ಹಿಡಿದು ಹೋದರೆ ಹಿಪ್ಪುನೇರಳೆ ತೋಟಗಳು ಇನ್ನೂ ಸಿಗುತ್ತವೆ. ಹೋದ ಬೇಸಿಗೆಯಲ್ಲಿ ಅಂಥದೊಂದು ತೋಟದ ಬದುವಿನ ಮೇಲೆ ನಿಂತಿದ್ದಾಗ ತೋಟದ ಯಜಮಾನರು ಒಂದು ಕುಡಿ ಮುರಿದು ನನ್ನ ಕೈಗಿಟ್ಟರು. "ನೋಡಿ ಸ್ವಾಮಿ, ಟುಕ್ರ ಬಂದೈತೆ. ಈ ಸೊಪ್ಪು ಹಾಕಿದ್ರೆ ಹುಳ ಎಲ್ಲಿ ಗೂಡು ಕಟ್ತದೆ?" ಎಂದರು.

ಕುಡಿ ಬೆಳೆಯುವುದನ್ನೇ ಮರೆತಂತೆ ಗಂಟುಗಂಟಾಗಿತ್ತು. ಎಲೆಗಳು ದಪ್ಪಗಾಗಿ, ಕಡುಹಸಿರಾಗಿ, ಒಂದರೊಳಗೊಂದು ಮುದುರಿಕೊಂಡಿದ್ದವು. ಕಾಂಡದ ಮೇಲೆ ಇರುವೆಗಳ ಸಾಲು. ಮುದುರಿದ ಎಲೆಯನ್ನು ಉಗುರಿನಿಂದ ಬಿಡಿಸಿದರೆ ಒಳಗೆ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಬಿಳಿ ಪುಡಿ. ಮಸೂರ ಹಿಡಿದು ನೋಡಿದೆ. ಅದು ಪುಡಿಯಾಗಿರಲಿಲ್ಲ, ಜೀವಗಳ ಗುಂಪು. ಮೂರು ಮಿಲಿಮೀಟರಿನಷ್ಟು ಉದ್ದದ, ರೆಕ್ಕೆಯಿಲ್ಲದ ಹೆಣ್ಣುಗಳು ಸೊಂಡಿಲನ್ನು ಎಲೆಗೆ ಚುಚ್ಚಿ ಕೂತಲ್ಲೇ ಕೂತಿದ್ದವು. ಒಂದರ ಹಿಂಭಾಗದಲ್ಲಿ ಹತ್ತಿಯಂಥ ಮೇಣದ ಚೀಲ, ಚೀಲದ ತುಂಬ ನಸುಗೆಂಪು ಮೊಟ್ಟೆಗಳು.

ರೈತರು ಇದನ್ನು ಹಿಟ್ಟುತಿಗಣೆ ಎನ್ನುತ್ತಾರೆ, ಇದು ತರುವ ರೋಗವೇ ಟುಕ್ರ. ಶಲ್ಕ ಕೀಟಗಳೆಂಬ ದೊಡ್ಡ ಬಳಗಕ್ಕೆ ಸೇರಿದ ಜೀವಿ ಇದು. ಅರಗನ್ನು ಕೊಡುವ ಅರಗಿನ ಹುಳುವೂ ಅದೇ ಬಳಗದ್ದು. ತೋಟದಲ್ಲಿ ಇದು ಪೀಡೆ. ಆದರೆ ಪ್ರಯೋಗಾಲಯದಲ್ಲಿ ನೂರು ವರ್ಷಗಳಿಂದ ಇದು ಗುರು. ದಕ್ಷಿಣ ಅಮೆರಿಕದ ಒಂದು ಪುಟ್ಟ ಸಂಚಿಪ್ರಾಣಿಯ ಜೊತೆಗೆ ಇದನ್ನಿಟ್ಟು ನೋಡಿದರೆ, ಅಪ್ಪ ಅಮ್ಮ ಇಬ್ಬರೂ ಮಕ್ಕಳಿಗೆ ಕೊಡುವ ಪಾಲು ನಿಜಕ್ಕೂ ಸಮವೇ ಎಂಬ ಹಳೆಯ ಪ್ರಶ್ನೆಗೆ ಬೆರಗಾಗುವಂಥ ಉತ್ತರ ಸಿಗುತ್ತದೆ.

ತಾಯಿ ಯಾರು, ತಂದೆ ಯಾರು

ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ರೇಷ್ಮೆ ಮೊಟ್ಟೆ ತಯಾರಿಸುವವರನ್ನು ಕೇಳಿ ನೋಡಿ. ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿಯ ಗಂಡನ್ನು ಕೂಡಿಸಿದಾಗ ಬರುವ ಮೊಟ್ಟೆಯೇ ಬೇರೆ, ಅದನ್ನು ತಿರುವುಮುರುವು ಮಾಡಿದಾಗ ಬರುವ ಮೊಟ್ಟೆಯೇ ಬೇರೆ. ಮೊದಲನೆಯದು ನಿದ್ದೆಗೆ ಜಾರದೆ ಹತ್ತು ಹನ್ನೆರಡು ದಿನಗಳಲ್ಲಿ ಒಡೆಯುತ್ತದೆ. ಎರಡನೆಯದು ಸುಪ್ತಾವಸ್ಥೆಗೆ ಹೋಗಬಲ್ಲದು. ಮೊಟ್ಟೆ ಮಲಗಬೇಕೋ ಏಳಬೇಕೋ ಎಂಬುದು ತಾಯಿಯ ಹೊಟ್ಟೆಯಲ್ಲೇ ತೀರ್ಮಾನವಾಗುತ್ತದೆ. ಮಿಶ್ರತಳಿಯ ಹೆಸರು ಬರೆಯುವಾಗಲೂ ತಾಯಿಯ ಹೆಸರೇ ಮೊದಲು ಬರುತ್ತದೆ.

ಮತ್ತಿಗಿರಿಯ ಸರ್ಕಾರಿ ಜಾನುವಾರು ಕ್ಷೇತ್ರದ ಕಥೆಯೂ ಇದಕ್ಕೆ ದೂರವಲ್ಲ. ಈಸ್ಟ್ ಇಂಡಿಯಾ ಕಂಪನಿ 1824ರಲ್ಲಿ ಸೈನ್ಯಕ್ಕೆ ಕುದುರೆ ಬೆಳೆಸಲು ಆರಂಭಿಸಿದ ಜಾಗ ಅದು. ಕುದುರೆ ಸಾಕುವವರಿಗೆ ತಲೆಮಾರುಗಳಿಂದ ಗೊತ್ತಿರುವ ಸಂಗತಿಯೊಂದಿದೆ. ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟಿದ ಹೇಸರಗತ್ತೆ ಒಂದು ಬಗೆ, ಗಂಡು ಕುದುರೆಗೂ ಹೆಣ್ಣು ಕತ್ತೆಗೂ ಹುಟ್ಟಿದ್ದು ಇನ್ನೊಂದು ಬಗೆ. ಎರಡೂ ಅರ್ಧ ಕತ್ತೆ, ಅರ್ಧ ಕುದುರೆ. ಆದರೂ ಮೈಕಟ್ಟು, ಕಿವಿ, ಗುಣ ಬೇರೆ ಬೇರೆ.

ಶಾಲೆಯಲ್ಲಿ ನಾವು ಕಲಿತ ಮೆಂಡಲನ ಬಟಾಣಿ ಪಾಠದಲ್ಲಿ ಜೀನ್ ಅಪ್ಪನಿಂದ ಬಂತೋ ಅಮ್ಮನಿಂದ ಬಂತೋ ಎಂಬುದು ಲೆಕ್ಕಕ್ಕಿಲ್ಲ. ಯಾವ ಕಡೆಯಿಂದ ಬಂದರೂ ಅದರ ಕೆಲಸ ಒಂದೇ. ಬಹುಪಾಲು ಜೀನ್‌ಗಳಿಗೆ ಈ ಮಾತು ನಿಜ. ಆದರೆ ಹಿಟ್ಟುತಿಗಣೆಗೆ ಇದು ಅನ್ವಯಿಸುವುದಿಲ್ಲ.

ಮಗನೊಳಗೆ ಮೂಕನಾದ ಅಪ್ಪ

ಮೊದಲು ಗಂಡು ಹಿಟ್ಟುತಿಗಣೆಯನ್ನು ನೋಡೋಣ. ತೋಟದಲ್ಲಿ ಅದು ಕಣ್ಣಿಗೆ ಬೀಳುವುದೇ ಅಪರೂಪ. ಮರಿಯಾಗಿದ್ದಾಗ ಹೆಣ್ಣಿನಂತೆಯೇ ರಸ ಹೀರುತ್ತದೆ. ಆಮೇಲೆ ಸಣ್ಣ ಮೇಣದ ಗೂಡು ಕಟ್ಟಿ, ಒಂದು ಜೋಡಿ ರೆಕ್ಕೆ ಹೊತ್ತು ಹೊರಬರುತ್ತದೆ. ಅದಕ್ಕೆ ತಿನ್ನಲು ಬಾಯಿಲ್ಲ. ಬದುಕುವುದು ಕೆಲವೇ ದಿನ. ಅಷ್ಟರಲ್ಲಿ ಹೆಣ್ಣನ್ನು ಹುಡುಕಿ ಕೂಡಬೇಕು, ಸಾಯಬೇಕು.

ಇದರ ಜೀವಕೋಶದಲ್ಲಿ ಹತ್ತು ವರ್ಣತಂತುಗಳಿವೆ. ಐದು ಅಮ್ಮನವು, ಐದು ಅಪ್ಪನವು. ಹೆಣ್ಣಿನಲ್ಲೂ ಹತ್ತೇ. ನಮ್ಮಲ್ಲಿರುವ ಎಕ್ಸ್, ವೈ ಎಂಬ ಲಿಂಗ ವರ್ಣತಂತುಗಳು ಇವಕ್ಕಿಲ್ಲ. ಹಾಗಾದರೆ ವ್ಯತ್ಯಾಸ ಎಲ್ಲಿ? ಫ್ರಾಂಜ್ ಶ್ರಾಡರ್ ಎಂಬ ಜೀವಕೋಶ ವಿಜ್ಞಾನಿ 1921ರಲ್ಲೇ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. ಗಂಡಾಗಲಿರುವ ಭ್ರೂಣದಲ್ಲಿ ಐದು ವರ್ಣತಂತುಗಳು ಬಿಗಿಯಾಗಿ ಸುರುಳಿಕೊಂಡು, ಬಣ್ಣ ಹಾಕಿದಾಗ ಕಪ್ಪು ಗಂಟಿನಂತೆ ಕಾಣುತ್ತವೆ. ಹೀಗೆ ಗಂಟುಕಟ್ಟಿದ ವರ್ಣತಂತುವಿನ ಜೀನ್‌ಗಳು ಕೆಲಸ ಮಾಡುವುದಿಲ್ಲ. ಹೆಣ್ಣು ಭ್ರೂಣದಲ್ಲಿ ಈ ಗಂಟು ಇಲ್ಲ, ಹತ್ತೂ ಎಚ್ಚರವಾಗಿರುತ್ತವೆ.

ಗಂಟುಕಟ್ಟಿದ ಆ ಐದು ಯಾರವು? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಪೆನ್ಸರ್ ಬ್ರೌನ್ ಮತ್ತು ವಾಲ್ಟರ್ ನೆಲ್ಸನ್-ರೀಸ್ 1961ರಲ್ಲಿ ಇದಕ್ಕೆ ಗಟ್ಟಿ ಪುರಾವೆ ಕೊಟ್ಟರು. ಅವರು ಆರಿಸಿಕೊಂಡದ್ದು ಪ್ಲಾನೊಕಾಕಸ್ ಸಿಟ್ರಿ ಎಂಬ ಹಿಟ್ಟುತಿಗಣೆ. ನಮ್ಮ ಕಾಫಿ ಗಿಡಗಳನ್ನೂ ಕಾಡುವ ಜಾತಿ ಅದು. ಗಂಡುಗಳಿಗೆ ಕ್ಷಕಿರಣ ಹಾಯಿಸಿ, ಅವುಗಳ ವರ್ಣತಂತುಗಳನ್ನು ಹಾಳುಗೆಡವಿ, ಆಮೇಲೆ ಹೆಣ್ಣಿನ ಜೊತೆ ಕೂಡಲು ಬಿಟ್ಟರು. ಕಿರಣದ ಪ್ರಮಾಣ ಹೆಚ್ಚಿಸಿದಂತೆಲ್ಲ ಹೆಣ್ಣುಮಕ್ಕಳು ಸತ್ತವು, ಗಂಡುಮಕ್ಕಳು ಉಳಿದವು. ಹೆಣ್ಣುಮಕ್ಕಳಲ್ಲಿ ಅಪ್ಪನ ಜೀನ್‌ಗಳು ದುಡಿಯುತ್ತಿದ್ದುದರಿಂದ ಅವುಗಳ ಹಾನಿ ಜೀವಕ್ಕೇ ಮುಟ್ಟಿತು. ಗಂಡುಮಕ್ಕಳಲ್ಲಿ ಅಪ್ಪನ ಪಾಲು ಮೊದಲೇ ಬೀಗ ಹಾಕಿದ ಕೋಣೆಯಲ್ಲಿತ್ತು, ಅದು ಹಾಳಾದರೂ ಬದುಕಿಗೆ ಅಡ್ಡಿಯಾಗಲಿಲ್ಲ.

ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಆ ಮಗ ಬೆಳೆದು ವೀರ್ಯಾಣು ತಯಾರಿಸುವಾಗ ಅಪ್ಪನ ಐದನ್ನೂ ಹೊರಗೆಸೆಯುತ್ತಾನೆ. ಅಮ್ಮನ ಐದು ಮಾತ್ರ ಮುಂದಿನ ಪೀಳಿಗೆಗೆ ಹೋಗುತ್ತವೆ. ಅಂದರೆ ಗಂಡು ಹಿಟ್ಟುತಿಗಣೆಯ ಮೂಲಕ ಅಜ್ಜನ ಆಸ್ತಿ ಮೊಮ್ಮಕ್ಕಳಿಗೆ ತಲುಪುವುದೇ ಇಲ್ಲ. ತುಳುನಾಡಿನ ಅಳಿಯಕಟ್ಟಿನಲ್ಲಿ ಆಸ್ತಿ ತಾಯಿಯ ಬಳಿಯಲ್ಲಿ ಸಾಗುತ್ತಿದ್ದುದು ನಮಗೆ ಗೊತ್ತು. ಅದು ಮನುಷ್ಯರು ಮಾಡಿಕೊಂಡ ಕಟ್ಟಳೆ. ಈ ಹುಳುವಿನಲ್ಲಿ ಅಂಥ ಕಟ್ಟಳೆ ಜೀವಕೋಶದೊಳಗೇ ಇದೆ.

ಇನ್ನೂ ಸೂಕ್ಷ್ಮವಾದ ಸಂಗತಿ ಹೀಗಿದೆ. ಈ ಗಂಡು ತನ್ನ ಅಮ್ಮನಿಂದ ಪಡೆದ ವರ್ಣತಂತು ಅವನಲ್ಲಿ ಜೀವನಪೂರ್ತಿ ದುಡಿದಿದೆ. ಅದನ್ನೇ ಅವನು ತನ್ನ ಮಗನಿಗೆ ಕೊಟ್ಟಾಗ ಅದು ಅಪ್ಪನ ಪಾಲಾಗಿ ಮೂಕವಾಗುತ್ತದೆ. ವರ್ಣತಂತು ಅದೇ, ಅದರ ಜೀನ್‌ಗಳ ಅಕ್ಷರವೂ ಅವೇ. ಬದಲಾದದ್ದು ಅದು ಬಂದ ಮನೆ ಮಾತ್ರ. ಬಂದ ಮನೆಯನ್ನು ನೆನಪಿಡುವ ಈ ಗುರುತನ್ನು ವಿಜ್ಞಾನಿಗಳು 'ಮುದ್ರೆ' ಎಂದು ಕರೆದರು. ಒಂದು ಬಗೆಯ ಸಣ್ಣ ನೊಣದ ಅಧ್ಯಯನದಲ್ಲಿ ಹೆಲೆನ್ ಕ್ರೌಸ್ 1960ರಲ್ಲಿ ಬಳಸಿದ ಮಾತು ಅದು.

ಚೀಲವಿಲ್ಲದ ಸಂಚಿಪ್ರಾಣಿ

ಈಗ ಸಮುದ್ರದಾಚೆಗೆ ಹೋಗೋಣ. ಸಂಚಿಪ್ರಾಣಿ ಎಂದೊಡನೆ ನೆನಪಾಗುವುದು ಕಾಂಗರೂ. ಆದರೆ ಈ ಗುಂಪಿನಲ್ಲಿ ಅಂಗೈಯಲ್ಲಿ ಹಿಡಿಸುವಂಥವೂ ಇವೆ. ಬ್ರೆಜಿಲ್, ಬೊಲಿವಿಯಾ, ಪರಾಗ್ವೆಗಳಲ್ಲಿರುವ ಬೂದುಬಣ್ಣದ ಮೋಟುಬಾಲದ ಅಪಾಸಮ್ ಅಂಥದೊಂದು. ತೂಕ ಸುಮಾರು ನೂರು ಗ್ರಾಂ. ಚೂಪು ಮೂತಿ, ಕಪ್ಪು ಮಣಿಯಂಥ ಕಣ್ಣು, ರೋಮವಿಲ್ಲದ ಗಿಡ್ಡ ಬಾಲ. ಕೀಟಗಳನ್ನೂ ಸಣ್ಣ ಪ್ರಾಣಿಗಳನ್ನೂ ಹಿಡಿದು ತಿನ್ನುತ್ತದೆ.

ಗರ್ಭ ಹದಿನಾಲ್ಕೇ ದಿನ. ಹುಟ್ಟಿದ ಮರಿ ಒಂದು ಸೆಂಟಿಮೀಟರಿನಷ್ಟು, ತೂಕ ಒಂದು ಗ್ರಾಮಿನ ಹತ್ತನೇ ಒಂದು ಪಾಲು. ಕಣ್ಣಿಲ್ಲ, ಕಿವಿಯಿಲ್ಲ, ಹಿಂಗಾಲು ಇನ್ನೂ ಮೊಳಕೆ. ಮುಂಗಾಲಿನಲ್ಲಿ ತೆವಳಿ ಮೊಲೆತೊಟ್ಟು ಕಚ್ಚಿಕೊಂಡರೆ ವಾರಗಟ್ಟಲೆ ಬಿಡುವುದಿಲ್ಲ. ಸೋಜಿಗವೆಂದರೆ, ಸಂಚಿಪ್ರಾಣಿಯಾದ ಈ ಅಪಾಸಮ್ಮಿಗೆ ಸಂಚಿಯೇ ಇಲ್ಲ. ಮರಿಗಳು ತಾಯಿಯ ಹೊಟ್ಟೆಗೆ ಬರಿದೇ ನೇತುಬಿದ್ದು ಬೆಳೆಯುತ್ತವೆ. ಮಕ್ಕಳಿಗೆಂದು ಚೀಲ ಹೊತ್ತಿರುವುದು ನಮ್ಮ ಹಿಪ್ಪುನೇರಳೆಯ ಹಿಟ್ಟುತಿಗಣೆ.

ಪ್ರಯೋಗಾಲಯದಲ್ಲಿ ಸುಲಭವಾಗಿ ಸಾಕಬಹುದಾದ ಸಂಚಿಪ್ರಾಣಿ ಎಂದು ಇದಕ್ಕೆ ಹೆಸರಿದೆ. 2007ರಲ್ಲಿ ಇದರ ಪೂರ್ತಿ ಜೀನ್ ನಕ್ಷೆ ಪ್ರಕಟವಾಯಿತು. ಸಂಚಿಪ್ರಾಣಿಗಳ ಪೈಕಿ ಮೊದಲ ನಕ್ಷೆ ಅದು.

ಬಹುಪಾಲು ಸಸ್ತನಿಗಳಂತೆ ಇದರಲ್ಲೂ ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್, ಒಂದು ವೈ. ಹೆಣ್ಣಿನಲ್ಲಿ ಎರಡೂ ಎಕ್ಸ್ ದುಡಿದರೆ ಲೆಕ್ಕ ಹೆಚ್ಚಾಗುತ್ತದೆ. ಅದಕ್ಕೇ ಒಂದಕ್ಕೆ ಬೀಗ ಬೀಳುತ್ತದೆ. ನಮ್ಮಲ್ಲಿ ಯಾವುದಕ್ಕೆ ಬೀಗ ಎಂಬುದು ಚೀಟಿ ಎತ್ತಿದಂತೆ. ಒಂದು ಜೀವಕೋಶದಲ್ಲಿ ಅಪ್ಪನದ್ದು, ಪಕ್ಕದ್ದರಲ್ಲಿ ಅಮ್ಮನದ್ದು. ಮೇರಿ ಲಯನ್ 1961ರಲ್ಲಿ ಇಲಿಗಳ ಅಧ್ಯಯನದಿಂದ ಇದನ್ನು ವಿವರಿಸಿದರು. ಬೀದಿಯಲ್ಲಿ ಕಾಣುವ ಕಪ್ಪು, ಕೇಸರಿ, ಬಿಳಿಯ ಮೂರು ಬಣ್ಣದ ಬೆಕ್ಕು ಸಾಮಾನ್ಯವಾಗಿ ಹೆಣ್ಣೇ ಆಗಿರುವುದು ಇದರಿಂದಲೇ. ಅದರ ಮೈಮೇಲಿನ ಕಪ್ಪು ಮಚ್ಚೆ, ಕೇಸರಿ ಮಚ್ಚೆ ಎರಡು ಬೇರೆ ಎಕ್ಸ್‌ಗಳ ಕೆಲಸ.

ಸಂಚಿಪ್ರಾಣಿಗಳಲ್ಲಿ ಚೀಟಿ ಎತ್ತುವುದಿಲ್ಲ. ಆಸ್ಟ್ರೇಲಿಯಾದ ಜಿ. ಬಿ. ಶಾರ್ಮನ್, ಡಿ. ಡಬ್ಲ್ಯು. ಕೂಪರ್ ಮತ್ತು ಸಂಗಡಿಗರು 1971ರಲ್ಲಿ ಕಾಂಗರೂಗಳಲ್ಲಿ ಇದನ್ನು ಕಂಡರು. ಬೀಗ ಬೀಳುವುದು ಯಾವಾಗಲೂ ಅಪ್ಪನ ಎಕ್ಸ್‌ಗೆ. ಅಪಾಸಮ್ಮಿನಲ್ಲೂ ಹೀಗೇ. ಬೀಗ ಹಾಕುವ ಕೆಲಸದಲ್ಲಿ ಕೈಯಿರುವ ಆರ್‌ಎಸ್‌ಎಕ್ಸ್ ಎಂಬ ಆರ್‌ಎನ್‌ಎ 2012ರಲ್ಲಿ ಈ ಪುಟ್ಟ ಅಪಾಸಮ್ಮಿನಲ್ಲೇ ಪತ್ತೆಯಾಯಿತು.

ಎರಡನ್ನೂ ಪಕ್ಕದಲ್ಲಿಟ್ಟಾಗ

ಹಿಟ್ಟುತಿಗಣೆಯಲ್ಲೂ ಅಪಾಸಮ್ಮಿನಲ್ಲೂ ಬೀಗ ಬೀಳುವುದು ಅಪ್ಪನ ಪಾಲಿಗೇ. ಆದರೆ ಹುಳುವಿನಲ್ಲಿ ಅದು ಗಂಡುಮಕ್ಕಳಲ್ಲಿ ಬೀಳುತ್ತದೆ, ಅಪಾಸಮ್ಮಿನಲ್ಲಿ ಹೆಣ್ಣುಮಕ್ಕಳಲ್ಲಿ. ಹುಳುವಿನಲ್ಲಿ ಅಪ್ಪ ಕೊಟ್ಟದ್ದೆಲ್ಲ, ಐದಕ್ಕೆ ಐದೂ, ಸುಮ್ಮನಾಗುತ್ತವೆ. ಅಪಾಸಮ್ಮಿನಲ್ಲಿ ಸುಮ್ಮನಾಗುವುದು ಒಂದೇ ವರ್ಣತಂತು, ಅದರಲ್ಲೂ ಕೆಲವು ಜೀನ್‌ಗಳು ಬೀಗದ ಸಂದಿಯಿಂದ ದನಿ ಹೊರಡಿಸುತ್ತವೆ.

ಮುಂದಿನ ಪೀಳಿಗೆಗೆ ಹೋಗುವಾಗ ದಾರಿಗಳು ಇನ್ನೂ ಬೇರೆಯಾಗುತ್ತವೆ. ಹುಳುವಿನ ಮಗ ಅಪ್ಪನ ಪಾಲನ್ನು ಶಾಶ್ವತವಾಗಿ ಕಳೆಯುತ್ತಾನೆ. ಅಪಾಸಮ್ಮಿನ ಮಗಳು ಅದನ್ನು ಕಳೆಯುವುದಿಲ್ಲ. ಅವಳ ಅಂಡಾಣುವಿನಲ್ಲಿ ಬೀಗ ತೆರೆದುಕೊಳ್ಳುತ್ತದೆ, ಹಳೆಯ ಮುದ್ರೆ ಅಳಿಯುತ್ತದೆ. ತನ್ನ ಮಗನಿಗೆ ಅವಳು ಆ ಎಕ್ಸ್ ಕೊಟ್ಟರೆ ಅದು ಅಮ್ಮನ ಮನೆಯಿಂದ ಬಂದದ್ದಾಗಿ ಅವನಲ್ಲಿ ದುಡಿಯುತ್ತದೆ. ಮಗಳಲ್ಲಿ ಮೂಕವಾಗಿದ್ದ ಅಜ್ಜನ ದನಿ ಮೊಮ್ಮಗನಲ್ಲಿ ಕೇಳಿಸುತ್ತದೆ.

ಕೀಟಗಳ ವಂಶವೂ ಸಸ್ತನಿಗಳ ವಂಶವೂ ಬೇರೆಯಾಗಿ ಐವತ್ತು ಕೋಟಿ ವರ್ಷಗಳಿಗೂ ಹೆಚ್ಚಾಗಿದೆ. ಹಾಗಾಗಿ ಈ ಹೋಲಿಕೆ ಒಬ್ಬ ಮುತ್ತಜ್ಜಿಯಿಂದ ಇಬ್ಬರಿಗೂ ಬಂದ ಬಳುವಳಿಯಲ್ಲ. ಎರಡೂ ಕಡೆ ಪ್ರಕೃತಿ ಬೇರೆ ಬೇರೆಯಾಗಿ ಈ ಉಪಾಯಕ್ಕೆ ಬಂದಿದೆ. ವರ್ಣತಂತುವನ್ನು ಸುತ್ತಿ ಬಿಗಿಯುವ ಪ್ರೋಟೀನುಗಳು ಮಾತ್ರ ಕೀಟಗಳಿಂದ ಸಸ್ತನಿಗಳವರೆಗೆ ಒಂದೇ ಮನೆತನದವು. ಬೀಗಗಳ ಮಾದರಿ ಬೇರೆಯಾದರೂ ಕಬ್ಬಿಣ ಒಂದೇ ಗಣಿಯದು.

ಬೆಂಗಳೂರಿನಿಂದ ಬಂದ ಮಾತು

ಹುಳುವಿನ ಪಾಠವನ್ನು ಸಸ್ತನಿಗಳಿಗೆ ಹೊಂದಿಸಿ ನೋಡಿದ ಮುಖ್ಯ ಪ್ರಬಂಧವೊಂದರಲ್ಲಿ ನಮ್ಮ ಬೆಂಗಳೂರಿನ ಪಾಲಿದೆ. ಎಚ್. ಶರತ್‌ಚಂದ್ರ ಕ್ಯಾಲಿಫೋರ್ನಿಯಾದಲ್ಲಿ ಹಿಟ್ಟುತಿಗಣೆಯ ವರ್ಣತಂತುಗಳ ಮೇಲೆ ಕೆಲಸ ಮಾಡಿ, 1962ರಲ್ಲೇ ಆ ಕುರಿತು ಪ್ರಬಂಧ ಪ್ರಕಟಿಸಿದವರು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. 1975ರಲ್ಲಿ ಅವರೂ ಸ್ಪೆನ್ಸರ್ ಬ್ರೌನರೂ ಸೇರಿ 'ನೇಚರ್' ಪತ್ರಿಕೆಯಲ್ಲಿ ವರ್ಣತಂತುವಿನ ಮುದ್ರೆ ಮತ್ತು ಸಸ್ತನಿಗಳ ಎಕ್ಸ್ ಕುರಿತು ಬರೆದರು. ಕೀಟಗಳಲ್ಲಿ ಕಂಡ ಮುದ್ರೆಯಂಥದೇ ಸಸ್ತನಿಗಳಲ್ಲಿ ಯಾವ ಎಕ್ಸ್ ದುಡಿಯಬೇಕೆಂಬುದನ್ನು ನಿರ್ಧರಿಸುತ್ತಿರಬಹುದು ಎಂಬುದು ಅವರ ವಾದ.

ಆ ಹೊತ್ತಿಗೆ ಮುದ್ರೆ ಎಂಬುದು ಕೆಲವು ವಿಚಿತ್ರ ಹುಳುಗಳ ಖಯಾಲಿ ಎಂದೇ ಹಲವರು ಭಾವಿಸಿದ್ದರು. ಅದೇ 1975ರಲ್ಲಿ ಜಪಾನಿನ ತಕಾಗಿ ಮತ್ತು ಸಸಾಕಿ, ಇಲಿಯ ಭ್ರೂಣವನ್ನು ಸುತ್ತುವರಿದ ಪೊರೆಗಳಲ್ಲಿ ಅಪ್ಪನ ಎಕ್ಸ್‌ಗೇ ಹೆಚ್ಚಾಗಿ ಬೀಗ ಬೀಳುವುದನ್ನು ತೋರಿಸಿದರು. 1984ರಲ್ಲಿ ಇನ್ನೂ ದೊಡ್ಡ ಸುದ್ದಿ ಬಂತು. ಇಲಿಯ ಮೊಟ್ಟೆಯಲ್ಲಿ ಎರಡೂ ಪಾಲು ಅಮ್ಮನದ್ದೇ ಇಟ್ಟರೂ, ಎರಡೂ ಅಪ್ಪನದ್ದೇ ಇಟ್ಟರೂ ಮರಿ ಹುಟ್ಟಲಿಲ್ಲ. 1991ರಲ್ಲಿ ಹೀಗೆ ಮುದ್ರೆಯೊತ್ತಿದ ಜೀನ್‌ಗಳು ಒಂದೊಂದಾಗಿ ಸಿಗತೊಡಗಿದವು.

ಮನುಷ್ಯರಲ್ಲೂ ಇವೆ. ನಮ್ಮ ಹದಿನೈದನೇ ವರ್ಣತಂತುವಿನ ಒಂದು ಸಣ್ಣ ತುಣುಕು ಕಾಣೆಯಾಯಿತು ಎಂದುಕೊಳ್ಳಿ. ಅದು ಅಪ್ಪನಿಂದ ಬಂದ ತುಣುಕಾದರೆ ಮಗು ಹುಟ್ಟುವಾಗ ಮೈ ಮೆತ್ತಗೆ, ಹಾಲು ಕುಡಿಯಲೂ ತ್ರಾಣವಿಲ್ಲ. ಬೆಳೆಯುತ್ತಾ ತಣಿಯದ ಹಸಿವು ಶುರುವಾಗುತ್ತದೆ. ಇದು ಪ್ರಾಡರ್-ವಿಲ್ಲಿ ಕಾಯಿಲೆ. ಅದೇ ತುಣುಕು ಅಮ್ಮನ ಕಡೆಯದಾದರೆ ಮಾತು ಬರುವುದು ಬಹಳ ಕಷ್ಟ, ಫಿಟ್ಸ್ ಬರುತ್ತದೆ, ಮುಖದಲ್ಲಿ ಸದಾ ನಗು. ಇದು ಏಂಜೆಲ್‌ಮನ್ ಕಾಯಿಲೆ. ಕಳೆದ ತುಣುಕು ಒಂದೇ, ಕಳೆದ ಮನೆ ಬೇರೆ. ಇದು ಹೆತ್ತವರ ತಪ್ಪಲ್ಲ ಎಂದು ಇಂಥ ಮಗುವಿನ ತಂದೆತಾಯಿಗೆ ಹೇಳಲು ಇಂದಿನ ವೈದ್ಯರ ಬಳಿ ಆಧಾರವಿದೆ. ಆ ಆಧಾರದ ಬುಡದಲ್ಲಿ ಹಿಟ್ಟುತಿಗಣೆಯೂ ಇದೆ.

ಆನುವಂಶಿಕ ಕಾಯಿಲೆಯ ಮಕ್ಕಳನ್ನು ನೋಡುವ, ಸಂಶೋಧನೆಯನ್ನೂ ಮಾಡುವ ಮಾನವ ಆನುವಂಶಿಕತೆಯ ಕೇಂದ್ರ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ. ಅದನ್ನು ಕಟ್ಟಿದವರಲ್ಲಿ ಶರತ್‌ಚಂದ್ರ ಪ್ರಮುಖರು. ಮತ್ತಿಗಿರಿಯಿಂದ ಹೊಸೂರಿಗೆ ಬಂದು ಬೆಂಗಳೂರಿನ ಬಸ್ಸು ಹತ್ತಿದರೆ ದಾರಿಯಲ್ಲೇ ಸಿಗುವ ಜಾಗ ಅದು. ಇನ್ನು ನನ್ನ ಕೈಯಲ್ಲಿದ್ದ ಕುಡಿಯ ತಿಗಣೆ. ಟುಕ್ರ ತರುವ ಆ ಜಾತಿಯ ಹೆಸರು ಮಾಕೊನೆಲ್ಲಿಕಾಕಸ್ ಹಿರ್ಸೂಟಸ್. ಅದರ ಜೀನ್ ನಕ್ಷೆಯನ್ನು ದೆಹಲಿ ವಿಶ್ವವಿದ್ಯಾಲಯದ ವಾಣಿ ಬ್ರಹ್ಮಚಾರಿ ಅವರ ತಂಡ 2021ರಲ್ಲಿ ಪ್ರಕಟಿಸಿತು. ನಮ್ಮ ತೋಟದ ಪೀಡೆಯನ್ನು ನಮ್ಮ ದೇಶದವರೇ ಅಕ್ಷರ ಅಕ್ಷರವಾಗಿ ಓದಿದ್ದಾರೆ.

ಔಷಧಿ ಹೊಡೆಯುವ ಮುನ್ನ

ತೋಟದ ಯಜಮಾನರಿಗೆ ನಾನು ಇದೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ಅದೆಲ್ಲ ಸರಿ ಸ್ವಾಮಿ, ಹೋಗಲಾಡಿಸೋದು ಹೆಂಗೆ ಹೇಳಿ" ಎಂದರು. ನ್ಯಾಯವಾದ ಪ್ರಶ್ನೆ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ, ಒಂದು ತಿಂಗಳೊಳಗೆ ಇನ್ನೊಂದು ಪೀಳಿಗೆ ಸಿದ್ಧವಾಗುತ್ತದೆ. ಮೇಣದ ಹೊದಿಕೆಯ ಮೇಲೆ ಔಷಧಿ ಸುಲಭವಾಗಿ ನಾಟುವುದಿಲ್ಲ. ಹೊಡೆದ ವಿಷ ಸೊಪ್ಪಿನಲ್ಲಿ ಉಳಿದರೆ ರೇಷ್ಮೆ ಹುಳುವೇ ಸಾಯುತ್ತದೆ.

ಗಂಟುಕಟ್ಟಿದ ಕುಡಿಯನ್ನು ಕತ್ತರಿಸಿ, ಚೀಲದಲ್ಲಿ ತುಂಬಿ, ಸುಟ್ಟುಬಿಡುವುದು ಮೊದಲ ಕೆಲಸ. ಕಿತ್ತು ಬದುವಿಗೆ ಎಸೆದರೆ ಮರಿಗಳು ಮತ್ತೆ ಗಿಡ ಹತ್ತುತ್ತವೆ. ಎರಡನೆಯದು ತಿಗಣೆಯ ಶತ್ರುವನ್ನು ಕಾಪಾಡುವುದು. ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವನ್ನು ಕಾಫಿ ತೋಟಗಳಿಗೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ತರಿಸಲಾಯಿತು. ಇದರ ಮರಿಯೂ ಮೈಮೇಲೆ ಬಿಳಿ ಮೇಣದ ಎಳೆ ಹೊತ್ತಿರುತ್ತದೆ. ಥೇಟ್ ಹಿಟ್ಟುತಿಗಣೆಯಂತೆ ಕಾಣುವುದರಿಂದ ಗೊತ್ತಿಲ್ಲದವರು ಇದನ್ನೇ ಹೊಸಕಿಬಿಡುತ್ತಾರೆ. ವ್ಯತ್ಯಾಸ ತಿಳಿಯುವುದು ಸುಲಭ. ಚುರುಕಾಗಿ ಓಡಾಡುತ್ತಾ ಉಳಿದವನ್ನು ತಿನ್ನುತ್ತಿದ್ದರೆ ಅದು ಗುಲಗಂಜಿಯ ಮರಿ. ಕೂತಲ್ಲೇ ಕೂತು ರಸ ಹೀರುತ್ತಿದ್ದರೆ ತಿಗಣೆ.

ಅರಿವು ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ತಮಿಳುನಾಡಿನಲ್ಲೇ ಉದಾಹರಣೆಯಿದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪರಂಗಿ ಹಿಟ್ಟುತಿಗಣೆ ಪರಂಗಿ, ಮರಗೆಣಸು, ಹಿಪ್ಪುನೇರಳೆಗಳನ್ನು ಹಾಳುಮಾಡಿತು. ಔಷಧಿ ಹೊಡೆದು ಹೊಡೆದು ರೈತರು ಸೋತರು. ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆ ಬೆಂಗಳೂರಿನಲ್ಲಿದೆ. ಅದು 2010ರಲ್ಲಿ ಪೋರ್ಟೊರಿಕೊದಿಂದ ಮೂರು ಬಗೆಯ ಸಣ್ಣ ಪರಾವಲಂಬಿ ಕಣಜಗಳನ್ನು ತರಿಸಿತು. ತಿಗಣೆಯ ಮೈಯೊಳಗೆ ಮೊಟ್ಟೆ ಇಡುವ ಆ ಕಣಜಗಳಲ್ಲಿ ಒಂದು, ಅಸೆರೊಫಾಗಸ್, ಚೆನ್ನಾಗಿ ನೆಲೆಯೂರಿತು. ವಿಷದ ಡ್ರಮ್ಮುಗಳಿಂದ ಆಗದ ಕೆಲಸ ಕಣ್ಣಿಗೆ ಸರಿಯಾಗಿ ಕಾಣದ ಕಣಜದಿಂದ ಆಯಿತು.

ಮತ್ತಿಗಿರಿ, ಹೊಸೂರು, ತಳಿ, ಕೆಲಮಂಗಲದ ಕನ್ನಡ ಶಾಲೆಗಳ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಆನುವಂಶಿಕತೆಯ ಪಾಠ ಬಂದಾಗ ಬಟಾಣಿಯ ಚಿತ್ರದ ಜೊತೆಗೆ ಟುಕ್ರ ಹಿಡಿದ ಒಂದು ಕುಡಿಯನ್ನೂ ತರಗತಿಗೆ ತನ್ನಿ. ಬೆಲೆ ಕಡಿಮೆಯ ಒಂದು ಮಸೂರ ಸಾಕು. ಮಗು ಆ ಬಿಳಿ ಚೀಲ, ಆ ನಸುಗೆಂಪು ಮೊಟ್ಟೆ ನೋಡಲಿ. ಅಪ್ಪನ ಪಾಲಿಗೆ ಬೀಗ ಹಾಕುವ ಈ ಜೀವದ ಕಥೆ ಹೇಳಿ, ಬ್ರೆಜಿಲಿನ ಚೀಲವಿಲ್ಲದ ಸಂಚಿಪ್ರಾಣಿಯ ಕಥೆಯನ್ನೂ ಹೇಳಿ. ಪಾಠ ಮುಗಿದ ಮೇಲೆ ಆ ಕುಡಿಯನ್ನು ಮರೆಯದೆ ಸುಟ್ಟುಬಿಡಿ.